ಒಳಹರಿವು ಅಳತೆಯಲ್ಲ, ಅಂದಾಜು

ಮಾನ್ಯರೆ,

ಮಳೆಗಾಲದಲ್ಲಿ ಪತ್ರಿಕೆಗಳ ಜಲಾಶಯ ಪಟ್ಟಿಯಲ್ಲಿ ಆಲಮಟ್ಟಿಯ ನೀರಿನ ಮಟ್ಟದ ಪಕ್ಕದಲ್ಲೇ ಒಳಹರಿವೂ ಅಚ್ಚಾಗುತ್ತದೆ. ಎರಡೂ ಒಂದೇ ಜಾತಿಯ ಅಂಕಿಗಳಲ್ಲ. ಮಟ್ಟವನ್ನು ಮಾಪಕ ನೋಡಿ ಬರೆದುಕೊಳ್ಳಬಹುದು. ಒಳಹರಿವನ್ನು ಮಾತ್ರ, ಸಂಗ್ರಹ ಎಷ್ಟು ಹೆಚ್ಚಿತೆಂದು ನೋಡಿ, ಹೊರಬಿಟ್ಟ ನೀರು ಕೂಡಿಸಿ, ಹಿಂದಿನಿಂದ ಲೆಕ್ಕ ಹಾಕಿ ತೆಗೆಯುವುದು ರೂಢಿ.

ದಿನಕ್ಕೊಮ್ಮೆಯಾದರೆ ಈ ಲೆಕ್ಕ ನಡೆಯುತ್ತದೆ. ಪ್ರವಾಹದ ಹೊತ್ತಿನಲ್ಲಿ ತಾಸಿಗೊಮ್ಮೆ ಮಾಡಿದರೆ ಹಳ್ಳ ಹಿಡಿಯುತ್ತದೆ. ಗರಿಷ್ಠ ಮಟ್ಟವಾದ 519.60 ಮೀಟರ್ ಹತ್ತಿರ ನೀರು ಹರಡಿದ ಜಾಗ 450 ಚದರ ಕಿ.ಮೀ. ಎಂದು ಹಿಡಿಯಿರಿ. ಆಗ ಒಂದು ಸೆಂಟಿಮೀಟರ್ ಅಂದರೆ 45 ಲಕ್ಷ ಘನ ಮೀಟರ್, ಸುಮಾರು 0.16 ಟಿಎಂಸಿ. 3600 ಸೆಕೆಂಡಿಗೆ ಭಾಗಿಸಿದರೆ 44 ಸಾವಿರ ಕ್ಯುಸೆಕ್! ಪಡುವಣ ಗಾಳಿ ಹಿನ್ನೀರನ್ನು ಅಣೆಕಟ್ಟಿನತ್ತ ದೂಡಿ ಮಾಪಕ ಒಂದು ಸೆಂ.ಮೀ. ಹೆಚ್ಚು ತೋರಿದರೆ ಸಾಕು, ನದಿಯಲ್ಲಿ ಇಲ್ಲದ ಪ್ರವಾಹ ಕಾಗದದ ಮೇಲೆ ಬರುತ್ತದೆ. ಗಾಳಿ ನಿಂತರೆ ಮುಂದಿನ ತಾಸಿನ ಅಂಕಿ ಅಷ್ಟೇ ಕೆಳಗೆ ಬೀಳುತ್ತದೆ.

ಇದಕ್ಕೆ 1964ರಲ್ಲೇ ಡೇವಿಡ್ ಲ್ಯುಯೆನ್‌ಬರ್ಗರ್ ತೋರಿಸಿದ ‘ಅಬ್ಸರ್ವರ್’ ವಿಧಾನವಿದೆ: ಅಳೆಯಬಹುದಾದದ್ದನ್ನು ನೋಡಿ, ಅಳೆಯಲಾಗದ್ದನ್ನು ಅಂದಾಜಿಸುವುದು. ಸಂಗ್ರಹ ಮತ್ತು ಒಳಹರಿವು ಎಂಬ ಎರಡೇ ಸಂಖ್ಯೆಗಳ ಜಲಾಶಯವೊಂದನ್ನು ಕಂಪ್ಯೂಟರಿನಲ್ಲಿ ಓಡಿಸಬೇಕು. ಈಗಿನ ಸಂಗ್ರಹಕ್ಕೆ ತಾಸಿನ ಒಳಹರಿವು ಕೂಡಿಸಿ, ಹೊರಹರಿವು ಕಳೆದರೆ ಮುಂದಿನ ತಾಸಿನ ಸಂಗ್ರಹ. ಜೊತೆಗೆ, ಮಾಪಕ ಹೇಳುವ ಸಂಗ್ರಹಕ್ಕೂ ಅಂದಾಜಿನ ಸಂಗ್ರಹಕ್ಕೂ ಈಗ ಇರುವ ವ್ಯತ್ಯಾಸದ 0.6 ಪಾಲನ್ನು ಸಂಗ್ರಹಕ್ಕೆ, 0.09 ಪಾಲನ್ನು ಒಳಹರಿವಿಗೆ ಸೇರಿಸಬೇಕು. ಅದೇ ಒಂದು ಸೆಂ.ಮೀ. ತಪ್ಪು ಈಗ ಒಳಹರಿವನ್ನು 4 ಸಾವಿರ ಕ್ಯುಸೆಕ್ ಅಲುಗಿಸುತ್ತದೆ, ಅಷ್ಟೇ.

ಪುಕ್ಕಟೆ ಏನೂ ಇಲ್ಲ. ನಿಜವಾದ ಪ್ರವಾಹ ಏಕಾಏಕಿ ಬಂದರೆ ಅದರ ಹತ್ತರಲ್ಲಿ ಒಂಬತ್ತು ಪಾಲು ಅಂದಾಜಿನಲ್ಲಿ ಕಾಣಲು ಸುಮಾರು 12 ತಾಸು ಬೇಕು. ಪಾಲುಗಳನ್ನು 1 ಮತ್ತು 0.25ಕ್ಕೆ ಏರಿಸಿದರೆ 7 ತಾಸು ಸಾಕು, ಆದರೆ ಗಾಳಿಯ ತಪ್ಪು 11 ಸಾವಿರಕ್ಕೆ ಏರುತ್ತದೆ. ಪಾಲು ಏರಿಸುವುದಕ್ಕಿಂತ ನದಿಯ ಮೇಲ್ಭಾಗದ ಹಿಪ್ಪರಗಿ ಬ್ಯಾರೇಜಿನಿಂದ ಬಿಟ್ಟ ನೀರು, ಘಟಪ್ರಭೆಯ ಹರಿವು ಇವನ್ನು, ತಲುಪಲು ಹಿಡಿಯುವ ತಾಸುಗಳನ್ನು ಲೆಕ್ಕಕ್ಕೆ ಹಿಡಿದು, ಕಂಪ್ಯೂಟರಿನ ಜಲಾಶಯಕ್ಕೆ ನೇರವಾಗಿ ಕೊಡುವುದು ಮೇಲು. ಆಗ ಅಬ್ಸರ್ವರ್ ಹುಡುಕಬೇಕಾದದ್ದು ಉಳಿದ ಹಳ್ಳಗಳ ನೀರನ್ನು ಮಾತ್ರ. (ಮಲಪ್ರಭೆಯನ್ನು ಸೇರಿಸಬಾರದು. ಅದು ಕೂಡುವುದು ಆಲಮಟ್ಟಿಯ ಕೆಳಗೆ, ಕೂಡಲಸಂಗಮದಲ್ಲಿ.)

ಒಂದು ತಪ್ಪನ್ನು ಮಾತ್ರ ಯಾವ ಪಾಲು ಆರಿಸಿದರೂ ಹಿಡಿಯಲಾಗದು. ಅಣೆಕಟ್ಟಿನ ಕ್ರೆಸ್ಟ್ ಗೇಟುಗಳಿಂದ ಹೊರಹೋಗುವ ನೀರನ್ನು ಹೇಳುವ ಕೋಷ್ಟಕ ನಿಜಕ್ಕಿಂತ ಶೇ 5ರಷ್ಟು ಕಡಿಮೆ ಹೇಳುತ್ತಿದ್ದರೆ, 2 ಲಕ್ಷ ಕ್ಯುಸೆಕ್ ಬಿಡುವಾಗ 10 ಸಾವಿರ ಕ್ಯುಸೆಕ್ ಒಳಹರಿವಿನಲ್ಲಿ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಮಟ್ಟ ಒಂದನ್ನೇ ನೋಡಿದರೆ ಕಾಣುವುದು ಬಂದದ್ದಕ್ಕೂ ಹೋದದ್ದಕ್ಕೂ ಇರುವ ವ್ಯತ್ಯಾಸವಷ್ಟೇ. ಎರಡನ್ನೂ ಬಿಡಿಸಿ ನೋಡಲು ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಇನ್ನೊಂದು ಅಳತೆ ಬೇಕೇ ಬೇಕು.

ಸದ್ಯಕ್ಕೆ ಪತ್ರಿಕೆಯಲ್ಲಿ ಒಳಹರಿವಿನ ಅಂಕಿಯ ಪಕ್ಕ ‘24 ತಾಸಿನ ಸರಾಸರಿ’ ಅಥವಾ ‘1 ತಾಸಿನ ಲೆಕ್ಕ’ ಎಂದಾದರೂ ಅಚ್ಚು ಹಾಕಿ.

– ಕಂಟ್ರೋಲ್ ಎಂಜಿನಿಯರಿಂಗ್ ಬೋಧಕರು, ವಿಜಯಪುರ