ಪ್ರಾಣಿ ಆಶ್ರಯತಾಣ: ಶೆಡ್ ಕಟ್ಟುವ ಮುಂಚೆ ನಡೆಸುವವರನ್ನು ಹುಡುಕಿ

ಮಾನ್ಯ ಸಂಪಾದಕರೇ,

ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಅಲ್ಲಿಂದ ಮುಂದೆ ಎದ್ದಿರುವ ಪ್ರಶ್ನೆಗಳು ಜಾಗ ಎಲ್ಲಿ, ಶೆಡ್ ಎಷ್ಟು ಅಡಿ, ನಾಯಿಯೊಂದಕ್ಕೆ ದಿನಕ್ಕೆ ಎಷ್ಟು ರೂಪಾಯಿ ಎಂಬವು. ಆ ತಾಣವನ್ನು ದಿನವೂ ನಿಂತು ನಡೆಸುವವರು ಯಾರು ಎಂಬ ಮಾತು ಅಪರೂಪ. ಬಹಳಷ್ಟು ಕಡೆ ಆ ಹೊಣೆ ಬೀಳುವುದು ಯಾವುದಾದರೊಂದು ಟ್ರಸ್ಟ್ ಅಥವಾ ಸಂಘದ ಹೆಗಲಿಗೆ. ಶೆಡ್ ಕೆಲವೇ ತಿಂಗಳಲ್ಲಿ ಎದ್ದು ನಿಲ್ಲುತ್ತದೆ. ಅದನ್ನು ನಡೆಸಬಲ್ಲವರು ಅಷ್ಟು ಬೇಗ ಸಿಗುವುದಿಲ್ಲ. ಆಶ್ರಯತಾಣಗಳ ಆಡಳಿತ, ಚಿಕಿತ್ಸೆ ಮತ್ತು ಲೆಕ್ಕಪತ್ರದ ಕೆಲಸ ಬಲ್ಲ ನಾವು ತಾಣದ ಮುಖ್ಯಸ್ಥರ ನೇಮಕದ ಬಗ್ಗೆ ನಮ್ಮ ಮಾತು ಆಡಳಿತ ಮಂಡಳಿಗಳಿಗೆ ತಲುಪಲೆಂದು ಈ ಪತ್ರ ಬರೆಯುತ್ತಿದ್ದೇವೆ.

ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಗೂ ಎದ್ದುಹೋಗಿ ಗಾಯಗೊಂಡ ನಾಯಿಯನ್ನು ಎತ್ತಿ ತರುವ ಸ್ವಯಂಸೇವಕರಿಗೆ ಆ ಕುರ್ಚಿ ಕೊಡುತ್ತಾರೆ. ಇಲ್ಲವೇ ಇರುವ ಒಬ್ಬ ಪಶುವೈದ್ಯರಿಗೇ ಆಡಳಿತವನ್ನೂ ಹೊರಿಸುತ್ತಾರೆ. ಅದೂ ಆಗದಿದ್ದರೆ ಟ್ರಸ್ಟಿಯೊಬ್ಬರ ಬಂಧುವನ್ನೋ ನಿವೃತ್ತ ಅಧಿಕಾರಿಯನ್ನೋ ಕರೆತರುತ್ತಾರೆ. ಎಲ್ಲರೂ ಒಳ್ಳೆಯವರೇ. ಆದರೆ ಮೊದಲನೆಯವರಿಗೆ ‘ಜಾಗವಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ನೂರು ನಾಯಿಯ ಜಾಗದಲ್ಲಿ ಇನ್ನೂರು ತುಂಬುತ್ತವೆ, ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ನಾಯಿರೋಗ ಒಂದು ಸಲ ಒಳಹೊಕ್ಕರೆ ಕಾಪಾಡಿ ತಂದ ಮರಿಗಳೇ ಸಾಲಾಗಿ ಸಾಯುತ್ತವೆ. ಎರಡನೆಯವರು ಶಸ್ತ್ರಚಿಕಿತ್ಸೆಯ ಮೇಜಿನ ಮುಂದೆ ಇರಬೇಕಾದ ಹೊತ್ತಿನಲ್ಲಿ ಬ್ಯಾಂಕಿನಲ್ಲೋ ನಗರಸಭೆಯ ಮೆಟ್ಟಿಲ ಮೇಲೋ ಇರುತ್ತಾರೆ. ಮೂರನೆಯವರ ಕಡತಗಳು ಅಚ್ಚುಕಟ್ಟು, ಕೆನೆಲ್ (ನಾಯಿಗೂಡು) ಒಳಗೆ ಮಾತ್ರ ಅವರ ಕಾಲು ಬೀಳುವುದಿಲ್ಲ. ಬಂಧುವಿಗೆ ಕೆಲಸಕ್ಕೆ ಮೀರಿದ ಸಂಬಳ ಕೊಟ್ಟರೆ ಸಂಸ್ಥೆಯ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು ಎಂಬುದನ್ನೂ ಟ್ರಸ್ಟಿಗಳು ಮರೆಯಬಾರದು.

ಜಾಹೀರಾತು ಕೊಡುವ ಮುಂಚೆ ಮಂಡಳಿ ಮಾಡಿಕೊಳ್ಳಬೇಕಾದ ಕೆಲಸವೇ ದೊಡ್ಡದು. ಕಳೆದ 12 ತಿಂಗಳಲ್ಲಿ ಎಷ್ಟು ಪ್ರಾಣಿ ಒಳಬಂದವು, ಎಷ್ಟು ದತ್ತು ಹೋದವು, ಎಷ್ಟನ್ನು ಹಿಡಿದ ಜಾಗಕ್ಕೇ ಬಿಡಲಾಯಿತು, ಎಷ್ಟು ಸತ್ತವು, ಒಂದೊಂದು ಸರಾಸರಿ ಎಷ್ಟು ದಿನ ಉಳಿಯಿತು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಈ ಲೆಕ್ಕವಿಲ್ಲದೆ ಮುಖ್ಯಸ್ಥರಿಂದ ಏನು ಬೇಕು ಎಂದು ಹೇಳಲು ಬಾರದು. ದಿನಕ್ಕೆ 4 ನಾಯಿ ಬಂದು ಪ್ರತಿಯೊಂದೂ 15 ದಿನ ಉಳಿದರೆ ಬೇಕಾದದ್ದು 60 ಜಾಗ. ಅವೇ 4 ನಾಯಿ 25 ದಿನ ಉಳಿದರೆ 100 ಜಾಗ. ಒಳಬರುವ ಸಂಖ್ಯೆ ಒಂದೂ ಹೆಚ್ಚಿಲ್ಲ, ಆದರೂ ತಾಣ ತುಂಬಿ ತುಳುಕುತ್ತದೆ. ಚಿಕಿತ್ಸೆ ಮುಗಿದ ನಾಯಿಯನ್ನು ವಾಹನವಿಲ್ಲವೆಂದು ವಾರ ಇಟ್ಟುಕೊಳ್ಳುವುದು, ದತ್ತು ಅರ್ಜಿಗೆ ಹತ್ತು ದಿನ ಉತ್ತರ ಕೊಡದಿರುವುದು ಇವೇ ಇದಕ್ಕೆ ಕಾರಣ. ಇದನ್ನು ಕಾಣಬಲ್ಲ ಕಣ್ಣು ಮುಖ್ಯಸ್ಥರಿಗೆ ಬೇಕು. ಇನ್ನೊಂದು ಶೆಡ್‌ಗೆ ದೇಣಿಗೆ ಕೇಳುವುದು ಅದರ ನಂತರದ ಮಾತು.

ಯಾವ ತೀರ್ಮಾನ ಯಾರದು ಎಂಬುದನ್ನೂ ಬರೆದಿಡಬೇಕು. ಎಷ್ಟು ರೂಪಾಯಿಯವರೆಗಿನ ಖರೀದಿಗೆ ಮಂಡಳಿಯನ್ನು ಕೇಳಬೇಕಿಲ್ಲ? ಕೆಲಸಗಾರರನ್ನು ನೇಮಿಸುವ, ತೆಗೆಯುವ ಅಧಿಕಾರ ಯಾರಿಗೆ? ತಾಣ ತುಂಬಿದಾಗ ಹೊಸ ಪ್ರಾಣಿಯನ್ನು ನಿರಾಕರಿಸುವ ಅಧಿಕಾರ ಮುಖ್ಯಸ್ಥರಿಗಿದೆಯೇ, ನಿರಾಕರಿಸಿದ ಮರುದಿನ ಊರಿನ ಗಣ್ಯರೊಬ್ಬರು ಅಧ್ಯಕ್ಷರಿಗೆ ಫೋನ್ ಮಾಡಿದರೆ ಮಂಡಳಿ ಯಾರ ಪರ ನಿಲ್ಲುತ್ತದೆ? ದಯಾಮರಣದ ವಿಷಯದಲ್ಲಂತೂ ಗೊಂದಲ ಕೂಡದು. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳಂತೆ, ಗುಣವಾಗದ ಕಾಯಿಲೆಯ ಅಥವಾ ಬದುಕುಳಿಯದಷ್ಟು ಗಾಯಗೊಂಡ ನಾಯಿ ಎಂದು ತಂಡವೊಂದು ನಿರ್ಧರಿಸಿದ ಮೇಲೆ ಅರ್ಹ ಪಶುವೈದ್ಯರೇ ಅದನ್ನು ಮಾಡಬೇಕು, ಇನ್ನೊಂದು ನಾಯಿಯ ಎದುರು ಮಾಡುವಂತಿಲ್ಲ. ಇಲ್ಲಿ ಮುಖ್ಯಸ್ಥರ ಕೆಲಸ ಆ ಕ್ರಮ ತಪ್ಪದಂತೆ ನೋಡಿಕೊಳ್ಳುವುದು ಮತ್ತು ವೈದ್ಯರ ಬೆನ್ನಿಗೆ ನಿಲ್ಲುವುದು. ಟ್ರಸ್ಟಿಗಳಲ್ಲೇ ಈ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ನೇಮಕಕ್ಕೆ ಮುಂಚೆಯೇ ಕುಳಿತು ಬಗೆಹರಿಸಿಕೊಳ್ಳಿ. ಹೊಸಬರ ತಲೆಗೆ ಕಟ್ಟಬೇಡಿ.

ಸಂಬಳದ ವಿಷಯ. ‘ಸೇವಾ ಮನೋಭಾವ ಇರುವವರಿಗೆ ಆದ್ಯತೆ’ ಎಂದಷ್ಟೇ ಬರೆದು ಮೊತ್ತ ಮುಚ್ಚಿಡುವ ಜಾಹೀರಾತಿಗೆ ಅನುಭವಿಗಳು ಉತ್ತರಿಸುವುದಿಲ್ಲ. ಎಷ್ಟರಿಂದ ಎಷ್ಟು ಎಂದು ಅಚ್ಚು ಹಾಕಿಸಿ, ಒಂದು ವರ್ಷದ ಸಂಬಳ ಕೈಯಲ್ಲಿರುವಾಗ ಮಾತ್ರ ನೇಮಿಸಿ. ಮೇವು, ಔಷಧಿಗಷ್ಟೇ ಎಂದು ಕೊಟ್ಟ ದೇಣಿಗೆಯಿಂದ ಸಂಬಳ ತೆಗೆಯುವಂತಿಲ್ಲ. ವಿದೇಶಿ ದೇಣಿಗೆಯಲ್ಲೂ 2020ರ ತಿದ್ದುಪಡಿಯ ಬಳಿಕ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಆದ್ದರಿಂದ ‘ಈ ಹಣ ಒಬ್ಬ ಸಮರ್ಥ ವ್ಯವಸ್ಥಾಪಕರ ಸಂಬಳಕ್ಕೆ’ ಎಂದು ದಾನಿಗಳಿಗೆ ನೇರವಾಗಿ ಹೇಳಿ ಕೇಳುವುದೇ ಸರಿ. ಕಾರಣ ತಿಳಿಸಿದರೆ ಕೊಡುವವರಿದ್ದಾರೆ.

ಅರ್ಧ ಗಂಟೆಯ ಸಂದರ್ಶನದಿಂದ ಈ ಹುದ್ದೆಗೆ ಯಾರನ್ನೂ ಅಳೆಯಲಾಗದು. ‘ನಿಮಗೆ ಪ್ರಾಣಿಗಳೆಂದರೆ ಇಷ್ಟವೇ’ ಎಂಬ ಪ್ರಶ್ನೆಗೆ ಇಲ್ಲ ಎನ್ನುವವರು ಅರ್ಜಿಯನ್ನೇ ಹಾಕಿರುವುದಿಲ್ಲ. ಕೊನೆಯ ಸುತ್ತಿಗೆ ಬಂದ ಮೂರ್ನಾಲ್ಕು ಜನರನ್ನು ಒಂದೊಂದು ಇಡೀ ದಿನ ತಾಣಕ್ಕೆ ಕರೆಯಿರಿ, ಆ ದಿನದ ಸಂಭಾವನೆ ಮತ್ತು ಪ್ರಯಾಣ ವೆಚ್ಚ ಕೊಡಿ. ಬೆಳಗ್ಗೆ ಏಳಕ್ಕೆ, ಕೆನೆಲ್ ತೊಳೆಯುವ ಹೊತ್ತಿಗೆ ಬರಲಿ. ನೀರು ಎಲ್ಲಿ ನಿಲ್ಲುತ್ತದೆ, ಕಾಯಿಲೆಯ ವಾರ್ಡಿನ ಪೊರಕೆಯೇ ಮರಿಗಳ ವಾರ್ಡಿಗೂ ಹೋಗುತ್ತಿದೆಯೇ, ಮೂಲೆಯಲ್ಲಿ ಮುದುಡಿ ಕೂತ ನಾಯಿ ಯಾವುದು ಎಂದು ಗಮನಿಸುತ್ತಾರೆಯೇ ನೋಡಿ. ಕೆಲಸದವರ ಹೆಸರು ಕೇಳಿಕೊಂಡರೇ, ಅವರ ಜೊತೆ ಕೂತು ತಿಂಡಿ ತಿಂದರೇ ಎಂಬುದೂ ಸಣ್ಣ ಸಂಗತಿಯಲ್ಲ. ಸಂಜೆ ಆ ಕೆಲಸದವರನ್ನೇ ಪ್ರತ್ಯೇಕವಾಗಿ ಕೇಳಿ. ಅವರ ಅಂದಾಜು ತಪ್ಪುವುದು ಕಡಿಮೆ.

ಅದೇ ದಿನ ಒಂದು ಗಂಟೆ ಕಾಗದ, ಕ್ಯಾಲ್ಕುಲೇಟರ್ ಕೊಟ್ಟು ಲೆಕ್ಕ ಮಾಡಿಸಿ. ಸರಾಸರಿ 20 ಕಿಲೊ ತೂಕದ 150 ನಾಯಿಗಳಿವೆ ಎನ್ನಿ. ಒಂದಕ್ಕೆ ದಿನಕ್ಕೆ ಸುಮಾರು 300 ಗ್ರಾಂ ಒಣ ಆಹಾರ, ಅಂದರೆ ದಿನಕ್ಕೆ 45 ಕಿಲೊ, ತಿಂಗಳಿಗೆ 1,350 ಕಿಲೊ. ಇನ್ನು ಆಳುಗಳು: ತೊಳೆಯಲು, ಉಣಿಸಲು ನಾಯಿಯೊಂದಕ್ಕೆ ದಿನಕ್ಕೆ 15 ನಿಮಿಷ ಹಿಡಿದರೆ ಒಟ್ಟು ಮೂವತ್ತೇಳೂವರೆ ಗಂಟೆ. ಒಬ್ಬರಿಂದ ನಿಜವಾಗಿ ಸಿಗುವುದು 7 ಗಂಟೆ ಎಂದಿಟ್ಟುಕೊಂಡರೆ ದಿನಕ್ಕೆ ಐವರಿಗಿಂತ ಹೆಚ್ಚು ಜನ ಬೇಕು. ವಾರದ ರಜೆ, ಕಾಯಿಲೆ ಕಸಾಲೆ ಸೇರಿಸಿದರೆ 7 ಜನ. ನಾಲ್ವರಿಂದ ಇದನ್ನು ಮಾಡಿಸುತ್ತಿರುವ ತಾಣಗಳಲ್ಲಿ ನೆಲ ಒದ್ದೆ, ನಾಯಿಗಳಿಗೆ ಚರ್ಮರೋಗ, ಕೆಲಸದವರು ಮೂರು ತಿಂಗಳಿಗೊಮ್ಮೆ ಬದಲು. ಅಭ್ಯರ್ಥಿಯ ಉತ್ತರ ಚೂರು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ, ವಾರದ ರಜೆ ಅವರ ಲೆಕ್ಕದಲ್ಲಿ ಬಂತೇ ಎಂಬುದನ್ನು ನೋಡಿ.

ಸಂದರ್ಭ ಕೊಟ್ಟು ಕೇಳುವ ಪ್ರಶ್ನೆಗಳಲ್ಲಿ ನಮಗೆ ಅತ್ಯಂತ ಉಪಯುಕ್ತವೆನಿಸುವುದು ಇದು: ‘ಮರಿಗಳ ವಾರ್ಡಿನಲ್ಲಿ ಮೂರಕ್ಕೆ ರಕ್ತಭೇದಿ ಶುರುವಾಗಿದೆ, ಮೊದಲ ಒಂದು ಗಂಟೆಯಲ್ಲಿ ಏನು ಮಾಡುತ್ತೀರಿ?’ ಪಾರ್ವೊ (ಮರಿಗಳಿಗೆ ಮಾರಕವಾದ ಸಾಂಕ್ರಾಮಿಕ ವೈರಸ್ ರೋಗ) ಎಂದು ಶಂಕಿಸಿ ವಾರ್ಡನ್ನು ಮುಚ್ಚುವುದು, ಅಲ್ಲಿಗೆ ಒಬ್ಬರನ್ನೇ ಬೇರೆ ಚಪ್ಪಲಿ, ಬೇರೆ ಬಕೆಟ್‌ನೊಂದಿಗೆ ಮೀಸಲಿಡುವುದು, ಹೊಸ ಮರಿಗಳ ಸೇರ್ಪಡೆ ನಿಲ್ಲಿಸುವುದು, ವೈದ್ಯರಿಂದ ಕಿಟ್ ಪರೀಕ್ಷೆ ಮಾಡಿಸುವುದು, ಕಳೆದ ಎರಡು ವಾರದಲ್ಲಿ ದತ್ತು ಪಡೆದವರಿಗೆ ಫೋನ್ ಮಾಡುವುದು ಇಷ್ಟಾದರೂ ಬರಬೇಕು. ‘ಚೆನ್ನಾಗಿ ಫಿನಾಯಿಲ್ ಹಾಕಿ ತೊಳೆಸುತ್ತೇನೆ’ ಎಂದರೆ ಅವರು ಇನ್ನೂ ಕಲಿಯಬೇಕಾದವರು. ಪಾರ್ವೊ ವೈರಸ್ ಫಿನಾಯಿಲ್‌ಗೆ ಜಗ್ಗುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೇಲಾಗಿ ಫಿನಾಯಿಲ್ ಬೆಕ್ಕುಗಳಿಗೆ ವಿಷ. ಮೊದಲು ಮಲ, ಕೊಳೆಯನ್ನು ಸೋಪಿನಿಂದ ಪೂರ್ತಿ ತೆಗೆದು, ಮನೆಬಳಕೆಯ ಬ್ಲೀಚ್ ದ್ರಾವಣ 1 ಪಾಲಿಗೆ 30 ಪಾಲು ನೀರು ಬೆರೆಸಿ, ಅಂದರೆ 15 ಲೀಟರ್ ಬಕೆಟ್‌ಗೆ ಅರ್ಧ ಲೀಟರ್, ನೆಲದ ಮೇಲೆ 10 ನಿಮಿಷ ನಿಲ್ಲಿಸಬೇಕು. ಕೊಳೆಯ ಮೇಲೆ ಸುರಿದ ಬ್ಲೀಚ್ ಕೆಲಸ ಮಾಡುವುದಿಲ್ಲ. ಮುಖ್ಯಸ್ಥರು ವೈದ್ಯರಾಗಬೇಕಿಲ್ಲ, ಆದರೆ ಇದು ಗೊತ್ತಿರದವರ ಕೈಯಲ್ಲಿ ವೈದ್ಯರ ಶ್ರಮವೂ ನೀರುಪಾಲು.

ಇನ್ನೊಂದು ಪ್ರಶ್ನೆ: ಸಂಜೆ ಆರಕ್ಕೆ ಪೊಲೀಸರು ವಶಪಡಿಸಿಕೊಂಡ 12 ಜಾನುವಾರುಗಳನ್ನು ಲಾರಿಯಲ್ಲಿ ತಂದು ಗೇಟಿನ ಮುಂದೆ ನಿಲ್ಲಿಸಿದ್ದಾರೆ. ಬಲ್ಲವರು ಕೇಸಿನಲ್ಲಿ ವಶಪಡಿಸಿಕೊಂಡ ಪ್ರಾಣಿಗಳ ಪಾಲನೆ ಕುರಿತ 2017ರ ನಿಯಮಗಳನ್ನು ನೆನೆಯುತ್ತಾರೆ. ಪೊಲೀಸರಿಂದ ಕಾಗದಪತ್ರ, ಪಶುವೈದ್ಯರ ತಪಾಸಣೆ, ಕಿವಿಗೆ ಗುರುತು, ಮಾಲೀಕರಿಂದ ಪಾಲನೆ ವೆಚ್ಚ ಕೊಡಿಸುವಂತೆ ಮ್ಯಾಜಿಸ್ಟ್ರೇಟ್ ಮುಂದೆ ಕೋರಿಕೆ. ಇವಿಲ್ಲದೆ ಇಳಿಸಿಕೊಂಡರೆ ಮೊಕದ್ದಮೆ ಮುಗಿಯುವವರೆಗೆ ಮೇವಿನ ಖರ್ಚು ಸಂಸ್ಥೆಯ ತಲೆಗೆ.

ಹಿಂದಿನ ಕೆಲಸದ ವಿಚಾರಣೆಯಲ್ಲಿ ಅಭ್ಯರ್ಥಿ ಕೊಟ್ಟ ಹೆಸರುಗಳಿಗಷ್ಟೇ ನಿಲ್ಲಬೇಡಿ. ಅವರ ಕೈಕೆಳಗೆ ದುಡಿದ ಒಬ್ಬ ಕೆನೆಲ್ ಸಹಾಯಕರು, ಒಬ್ಬ ಪಶುವೈದ್ಯರು, ಒಬ್ಬ ಲೆಕ್ಕಿಗರ ಜೊತೆ ಮಾತಾಡಿ. ತಮ್ಮದೇ ಹೆಸರಿನ ಯುಪಿಐ ಖಾತೆಗೆ ಪ್ರಾಣಿಗಳಿಗೆಂದು ದೇಣಿಗೆ ಸಂಗ್ರಹಿಸುತ್ತಿದ್ದಾರೆಯೇ ಎಂದು ಮುಲಾಜಿಲ್ಲದೆ ಕೇಳಿ. ಎಷ್ಟೋ ಜನ ಸದುದ್ದೇಶದಿಂದಲೇ ಮಾಡುತ್ತಾರೆ, ಆದರೆ ಸಂಸ್ಥೆಯ ಚುಕ್ಕಾಣಿ ಹಿಡಿದ ಮೇಲೆ ಅದು ನಿಲ್ಲಲೇಬೇಕು. ದೇಣಿಗೆ ಸಂಸ್ಥೆಯ ಖಾತೆಗೆ ಮಾತ್ರ ಬರತಕ್ಕದ್ದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳು ಸಂಸ್ಥೆಯವು, ಪಾಸ್‌ವರ್ಡ್ ಇಬ್ಬರು ಟ್ರಸ್ಟಿಗಳ ಬಳಿಯೂ ಇರಬೇಕು ಎಂದು ನೇಮಕ ಪತ್ರದಲ್ಲೇ ಬರೆಯಿರಿ.

ಕೆಲಸಕ್ಕೆ ಸೇರಿಸಿಕೊಂಡ ದಿನವೇ ರೇಬೀಸ್ ಮುಂಜಾಗ್ರತಾ ಲಸಿಕೆ ಶುರುವಾಗಲಿ: 0, 7 ಮತ್ತು 21 ಅಥವಾ 28ನೇ ದಿನ. ಕಚೇರಿಯಲ್ಲಿ ಕೂರುವವರಿಗೇಕೆ ಎನ್ನಬೇಡಿ. ಆರು ತಿಂಗಳ ಪ್ರೊಬೇಷನ್ ಇರಲಿ. ಮೊದಲ ತಿಂಗಳು ಜೀವಕ್ಕೆ ಅಪಾಯವಿರುವುದನ್ನು ಬಿಟ್ಟು ಬೇರೇನನ್ನೂ ಬದಲಿಸದೆ ನೋಡಿ ಅರಿಯಲಿ. ಈ ಅವಧಿಯಲ್ಲಿ ಕಾಗದಪತ್ರಗಳನ್ನು ಒಂದೊಂದಾಗಿ ಕೈಗಿಡಿ: ಪ್ರಾಣಿ ಕಲ್ಯಾಣ ಮಂಡಳಿಯ ಎಬಿಸಿ ಯೋಜನಾ ಮಾನ್ಯತೆ, ಸಂಸ್ಥೆಗೂ ದಾನಿಗಳಿಗೂ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿಗಳ (1961ರ ಕಾಯ್ದೆಯಲ್ಲಿ 12ಎ ಮತ್ತು 80ಜಿ) ನವೀಕರಣದ ದಿನಾಂಕ, ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕಾದ ವಾರ್ಷಿಕ ಪಟ್ಟಿ, ಜೈವಿಕ ವೈದ್ಯಕೀಯ ತ್ಯಾಜ್ಯದ ಅನುಮತಿ, ಅರಿವಳಿಕೆ ಔಷಧಿ ಕೆಟಮಿನ್‌ನ ದಾಸ್ತಾನು ಪುಸ್ತಕ. ಕೆಟಮಿನ್ ಬಿಗಿ ನಿಯಂತ್ರಣದ ‘ಎಕ್ಸ್’ ಅನುಸೂಚಿಯ ಔಷಧಿ. ಬೀಗದೊಳಗೆ ಇರಬೇಕು, ಬಳಸಿದ ಪ್ರತಿ ಮಿಲಿಲೀಟರಿಗೂ ಲೆಕ್ಕ ಇರಬೇಕು. ಇದನ್ನು ವೈದ್ಯರ ತಲೆಗೇ ಬಿಟ್ಟ ತಾಣಗಳಲ್ಲಿ ವೈದ್ಯರು ಕೆಲಸ ಬಿಟ್ಟ ದಿನ ಪುಸ್ತಕವೂ ಸಿಗುವುದಿಲ್ಲ. ಹತ್ತು ಅಥವಾ ಹೆಚ್ಚು ಕೆಲಸದವರಿದ್ದರೆ ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿಯೂ ಕಡ್ಡಾಯ. ಹೆಣ್ಣುಮಕ್ಕಳು ಬಹಳ ಸಂಖ್ಯೆಯಲ್ಲಿ ದುಡಿಯುವ ಕ್ಷೇತ್ರ ಇದು.

ಪ್ರತಿ ತಿಂಗಳು ಮಂಡಳಿ ಮುಖ್ಯಸ್ಥರಿಂದ ಒಂದು ಹಾಳೆಯ ವರದಿ ಕೇಳಲಿ. ‘ಎಷ್ಟು ಪ್ರಾಣಿ ರಕ್ಷಿಸಿದಿರಿ’ ಎಂಬ ಒಂದೇ ಅಂಕಿಯ ಬೆನ್ನು ಹತ್ತಿದರೆ ಅವರೂ ತುಂಬಿಸುತ್ತಲೇ ಹೋಗುತ್ತಾರೆ. ಒಳಬಂದ ಮೊದಲ ದಿನವೇ ಲಸಿಕೆ ಬಿದ್ದದ್ದು ಎಷ್ಟಕ್ಕೆ, ಸಾವು ಎಷ್ಟು ಮತ್ತು ಏಕೆ, ಸರಾಸರಿ ವಾಸ ಎಷ್ಟು ದಿನ, ಕೆಲಸ ಬಿಟ್ಟವರು ಎಷ್ಟು, ಔಷಧಿ ಅಂಗಡಿಯ ಬಾಕಿ ಎಷ್ಟು ಎಂಬುದನ್ನು ಕೇಳಿ.

ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಸ್ಥಾಪಕರ ವಿಷಯದಲ್ಲಿ. ಇಪ್ಪತ್ತು ವರ್ಷ ತಮ್ಮ ಕೈಯಿಂದ ಅನ್ನ ಕಲಸಿ ಹಾಕಿ ಬೆಳೆಸಿದ ತಾಣವನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಸುಲಭವಲ್ಲ, ಆ ನೋವನ್ನು ಗೌರವಿಸಬೇಕು. ಆದರೆ ಸ್ಥಾಪಕರು ಕೆನೆಲ್ ಸಹಾಯಕರಿಗೆ ನೇರ ಫೋನ್ ಮಾಡಿ ‘ಆ ನಾಯಿಯನ್ನು ಬಿಡಬೇಡಿ’ ಎಂದ ಕ್ಷಣ ತಾಣಕ್ಕೆ ಇಬ್ಬರು ಯಜಮಾನರಾಗುತ್ತಾರೆ. ಹೊಸಬರು ಆರು ತಿಂಗಳಲ್ಲಿ ಹೊರಟುಹೋಗುತ್ತಾರೆ, ಮಂಡಳಿ ‘ಒಳ್ಳೆಯವರೇ ಸಿಗುವುದಿಲ್ಲ’ ಎನ್ನುತ್ತದೆ. ಸ್ಥಾಪಕರಿಗೆ ನಿಜವಾದ ಕೆಲಸವೊಂದನ್ನು ಕೊಡಿ: ಹಳೆಯ ದಾನಿಗಳ ಒಡನಾಟ, ಶಾಲೆಗಳಲ್ಲಿ ಮಾತು, ದತ್ತು ಹೋದ ಮನೆಗಳ ಭೇಟಿ. ಮುಖ್ಯಸ್ಥರಿಗೆ ಸೂಚನೆ ಅಧ್ಯಕ್ಷರ ಮೂಲಕ ಮಾತ್ರ ಎಂದು ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಹಾಗೆಯೇ ತುರ್ತು ಫೋನನ್ನು ಮುಖ್ಯಸ್ಥರೊಬ್ಬರ ಜೇಬಿನಲ್ಲೇ ಇಡದೆ ಮೂವರ ನಡುವೆ ಸರದಿಯಲ್ಲಿ ತಿರುಗಿಸಿ, ವಾರಕ್ಕೊಂದು ದಿನ ಅವರಿಗೆ ಪೂರ್ತಿ ಬಿಡುವು ಸಿಗಲಿ. ಸಾವುಗಳನ್ನು ದಿನವೂ ಕಾಣುವ ಕೆಲಸದಲ್ಲಿ ಬಿಡುವಿಲ್ಲದವರು ಬೇಗ ಒಣಗುತ್ತಾರೆ.

ಸ್ಥಳೀಯ ಸಂಸ್ಥೆಗಳಿಗೆ ನಮ್ಮ ವಿನಂತಿ ಇಷ್ಟೇ. ಆಶ್ರಯತಾಣದ ಟೆಂಡರ್ ಕರೆಯುವಾಗ ನಾಯಿಯೊಂದಕ್ಕೆ ಕನಿಷ್ಠ ದರ ಕೂಗಿದವರಿಗೆ ಎಂಬುದರ ಜೊತೆಗೆ, ಪೂರ್ಣಾವಧಿ ಮುಖ್ಯಸ್ಥರ ಹೆಸರು, ಅನುಭವ ಮತ್ತು ಅವರ ಸಂಬಳಕ್ಕೆ ಪ್ರತ್ಯೇಕ ಬಾಬ್ತು ಇರಲೇಬೇಕೆಂಬ ಷರತ್ತು ಹಾಕಿ. ಅವರು ಬಿಟ್ಟುಹೋದರೆ 30 ದಿನದೊಳಗೆ ಬದಲಿ ನೇಮಕ, ಅಲ್ಲಿಯವರೆಗೆ ಹೊಣೆ ಯಾರದು ಎಂಬುದೂ ಬರಹದಲ್ಲಿರಲಿ. ಬಿಲ್ಲುಗಳನ್ನು ತಿಂಗಳು ತಿಂಗಳು ಪಾವತಿಸಿ. ಮೂರು ತಿಂಗಳು ಬಿಲ್ ಬಾರದಿದ್ದರೆ ಎಷ್ಟು ಸಮರ್ಥರಾದರೂ ಅಕ್ಕಿ ಅಂಗಡಿಯವರಿಗೆ ಉತ್ತರ ಹೇಳುವುದರಲ್ಲೇ ಅವರ ದಿನ ಮುಗಿಯುತ್ತದೆ.

— ಪ್ರಾಣಿ ಆಶ್ರಯತಾಣಗಳ ಆಡಳಿತ, ಚಿಕಿತ್ಸೆ ಮತ್ತು ಲೆಕ್ಕಪತ್ರದಲ್ಲಿ ತೊಡಗಿರುವ ಓದುಗರು, ಮೈಸೂರು