ಜೂನ್‌ನಲ್ಲಿ ಬೇಡವಾದದ್ದು ಸೆಪ್ಟೆಂಬರ್‌ನಲ್ಲಿ ಬೇಕಾಯಿತೆ?

ಮಾನ್ಯ ಸಂಪಾದಕರೆ,

ಗಾಜಾದಲ್ಲಿ ಕದನವಿರಾಮಕ್ಕೆ ಒತ್ತಾಯಿಸಿದ ನಿರ್ಣಯಕ್ಕೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಭಾರತ 2023ರ ಡಿಸೆಂಬರ್‌ನಲ್ಲಿ ಬೆಂಬಲ ಕೊಟ್ಟಿತು, 2024ರ ಡಿಸೆಂಬರ್‌ನಲ್ಲೂ ಕೊಟ್ಟಿತು. 2025ರ ಜೂನ್ 12ರಂದು ಅದೇ ಬೇಡಿಕೆ ಮತ್ತೆ ಬಂದಾಗ 149 ದೇಶಗಳು ಪರವಾಗಿ ಕೈಯೆತ್ತಿದವು. ನಾವು ಮತ ಹಾಕದೆ ದೂರ ಉಳಿದ 19 ದೇಶಗಳ ಪೈಕಿ ಒಂದಾದೆವು. ಆರು ತಿಂಗಳಲ್ಲಿ ಅಲ್ಲಿ ಏನು ಸುಧಾರಿಸಿತ್ತು? ಮಾರ್ಚ್ ಆರಂಭದಿಂದ ಎರಡು ತಿಂಗಳಿಗೂ ಹೆಚ್ಚು ಕಾಲ ಇಸ್ರೇಲ್ ಆಹಾರದ ಲಾರಿಗಳನ್ನೇ ಒಳಗೆ ಬಿಟ್ಟಿರಲಿಲ್ಲ. ಮಾತುಕತೆಯೊಂದೇ ದಾರಿ ಎಂದು ನಮ್ಮ ಪ್ರತಿನಿಧಿ ವಿವರಣೆ ಕೊಟ್ಟರು. ಹಿಂದಿನ ಡಿಸೆಂಬರ್‌ನಲ್ಲೂ ಮಾತುಕತೆಯೇ ದಾರಿಯಾಗಿತ್ತಲ್ಲ!

ಎರಡೇ ದಿನಕ್ಕೆ ಇನ್ನೊಂದು. ಇರಾನ್ ಮೇಲೆ ಇಸ್ರೇಲ್ ನಡೆಸಿದ ದಾಳಿಯನ್ನು ಶಾಂಘೈ ಸಹಕಾರ ಸಂಘಟನೆ (ಚೀನಾ, ರಷ್ಯಾ, ಇರಾನ್ ಜೊತೆ ಭಾರತವೂ ಸದಸ್ಯನಾಗಿರುವ ಕೂಟ) ಖಂಡಿಸಿತು. ಆ ಹೇಳಿಕೆಯ ಚರ್ಚೆಯಲ್ಲಿ ತಾನು ಭಾಗವಹಿಸಿಲ್ಲ ಎಂದು ಭಾರತ ಕೈ ತೊಳೆದುಕೊಂಡಿತು. ಸೆಪ್ಟೆಂಬರ್ 1ರಂದು ಚೀನಾದ ತಿಯಾಂಜಿನ್‌ನಲ್ಲಿ ಅದೇ ಸಂಘಟನೆಯ ಶೃಂಗಸಭೆ ಇರಾನ್ ಮೇಲಿನ ಜೂನ್ ದಾಳಿಗಳನ್ನು, ಇಸ್ರೇಲ್ ಮತ್ತು ಅಮೆರಿಕದ ಹೆಸರು ಹಿಡಿದೇ ಖಂಡಿಸಿದಾಗ ಪ್ರಧಾನಿ ಅಲ್ಲಿದ್ದರು, ಘೋಷಣೆಗೆ ಭಾರತದ ಒಪ್ಪಿಗೆಯೂ ಇತ್ತು. ಸೆಪ್ಟೆಂಬರ್ 12ಕ್ಕೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಎರಡು ರಾಷ್ಟ್ರಗಳ ಪರಿಹಾರವನ್ನು (ಇಸ್ರೇಲ್ ಪಕ್ಕದಲ್ಲಿ ಸ್ವತಂತ್ರ ಪ್ಯಾಲೆಸ್ಟೀನ್) ಬೆಂಬಲಿಸುವ ನ್ಯೂಯಾರ್ಕ್ ಘೋಷಣೆಗೂ ನಮ್ಮ ಮತ ಬಿತ್ತು.

ಇಸ್ರೇಲ್ ಜೊತೆಗಿನ ಸ್ನೇಹಕ್ಕೆ ನನ್ನ ತಕರಾರಿಲ್ಲ. ಕಾರ್ಗಿಲ್ ಯುದ್ಧದಲ್ಲಿ ಅವರು ನೆರವಾದದ್ದು ನಿಜ, ನಮ್ಮ ಬೆಂಗಳೂರಿನ ಸರ್ಕಾರಿ ರಕ್ಷಣಾ ಕಂಪನಿ ಬಿಇಎಲ್ ಇಸ್ರೇಲ್ ಜೊತೆಗಿನ ಬರಾಕ್ ಕ್ಷಿಪಣಿ ವ್ಯವಸ್ಥೆಯಲ್ಲಿ ಪಾಲುದಾರ ಎಂಬುದೂ ನಿಜ. ಶಸ್ತ್ರಾಸ್ತ್ರದ ಅಗತ್ಯವೇ ಕಾರಣವಾದರೆ ಹಾಗೆಂದು ಹೇಳಲಿ. ಹಿಂದೆಯೂ ನಿಲುವು ಬದಲಾಗಿತ್ತು: ಜಿಯೋನಿಸಂ ಅನ್ನು (ಯಹೂದಿಗಳಿಗೆ ತಮ್ಮದೇ ರಾಷ್ಟ್ರ ಬೇಕೆಂಬ ವಾದವನ್ನು) ಜನಾಂಗೀಯವಾದ ಎಂದ ವಿಶ್ವಸಂಸ್ಥೆಯ 1975ರ ನಿರ್ಣಯಕ್ಕೆ ಮತ ಹಾಕಿದ್ದ ಭಾರತವೇ (ಅದೇನೂ ಹೆಮ್ಮೆಯ ಮತವಲ್ಲ, ಬಿಡಿ) 1991ರ ಡಿಸೆಂಬರ್‌ನಲ್ಲಿ ಅದರ ರದ್ದತಿಯನ್ನು ಬೆಂಬಲಿಸಿತು. ಮರು ತಿಂಗಳೇ ನರಸಿಂಹ ರಾವ್ ಸರ್ಕಾರ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಘೋಷಿಸಿತು. ಒಪ್ಪುವುದು ಬಿಡುವುದು ಬೇರೆ, ಸರ್ಕಾರ ಯಾವ ಕಡೆ ಹೊರಟಿದೆ ಎಂದು ಜನರಿಗೆ ತಿಳಿಯಿತು. ಈಗ ಹಾಗಲ್ಲ. ಪಶ್ಚಿಮದವರು ಕೂತ ಸಭೆಗೆ ಒಂದು, ಚೀನಾ–ರಷ್ಯಾ ಕೂತ ಸಭೆಗೆ ಇನ್ನೊಂದು ಎಂದೂ ಲೆಕ್ಕ ಹಾಕಲಾಗದು. ಒಂದೇ ಸಂಘಟನೆಯಲ್ಲಿ ಮೂರು ತಿಂಗಳಲ್ಲಿ ಮಾತು ತಿರುಗಿದೆ.

ಇದನ್ನೇ ‘ವ್ಯೂಹಾತ್ಮಕ ಸ್ವಾಯತ್ತತೆ’ (ಯಾವ ಬಣಕ್ಕೂ ಕಟ್ಟುಬೀಳದೆ ತನ್ನ ನಿಲುವನ್ನು ತಾನೇ ತೀರ್ಮಾನಿಸುವುದು) ಎನ್ನುವವರಿದ್ದಾರೆ. ಇರಬಹುದು. ಹಾಗಿದ್ದರೆ ಜೂನ್ 12ರ ಗೈರುಮತಕ್ಕೆ ಕಾರಣವೇನು, ಸೆಪ್ಟೆಂಬರ್‌ಗೆ ಬದಲಾದದ್ದೇನು ಎಂದು ವಿದೇಶಾಂಗ ಸಚಿವರು ಸಂಸತ್ತಿನ ಉಭಯ ಸದನಗಳಲ್ಲಿ ಲಿಖಿತ ಹೇಳಿಕೆ ಮಂಡಿಸಲಿ. ನಮ್ಮ ರಾಜ್ಯದ ಸಂಸದರು, ಯಾವ ಪಕ್ಷದವರೇ ಆಗಲಿ, ಈ ಎರಡು ಪ್ರಶ್ನೆ ಕೇಳಲಿ.

– ಓದುಗ, ಧಾರವಾಡ