ವಿಸ್ಕೋಸ್ ನೂಲಿನ ಒಂದೇ ಚೀಲದಲ್ಲಿ ಎರಡು ಲಾಟ್: ದೂರು

ಇವರಿಂದ: ವಿದ್ಯುತ್ ಮಗ್ಗದ ಘಟಕ, ದಾವಣಗೆರೆ
ಇವರಿಗೆ: ವ್ಯವಸ್ಥಾಪಕರು, ನೂಲು ಮಾರಾಟ ವಿಭಾಗ

ಮಾನ್ಯರೇ,

ನೀವು ಕಳಿಸಿದ 30ರ ಕೌಂಟಿನ (ನೂಲಿನ ಸಣ್ಣತನದ ಅಳತೆ) ವಿಸ್ಕೋಸ್ ನೂಲನ್ನು (15 ಚೀಲ, 750 ಕೆ.ಜಿ.) ಹಾಸುನೂಲಿಗೆ, ಅಂದರೆ ಬಟ್ಟೆಯ ಉದ್ದದ ಎಳೆಗಳಿಗೆ, ಬಳಸಿದೆವು. ಬಣ್ಣ ಹಾಕದ ಕೋರಾ ಬಟ್ಟೆಯಲ್ಲಿ ಏನೂ ಕಾಣಲಿಲ್ಲ. ರಿಯಾಕ್ಟಿವ್ ನೀಲಿ ಬಣ್ಣ ಹಾಕಿಸಿದ ಮೇಲೆ ಮೊದಲ ಬೀಮಿನ (ಹಾಸುನೂಲು ಸುತ್ತಿದ ಉರುಳೆಯ) 940 ಮೀಟರ್ ಉದ್ದಕ್ಕೂ ಕಡುನೀಲಿ ಗೆರೆಗಳು ಎದ್ದಿವೆ.

ನೇಯುವ ಮುನ್ನ ಹಾಸುನೂಲಿಗೆ ಹಾಕಿದ ಗಂಜಿ ಸರಿಯಾಗಿ ಹೋಗಿಲ್ಲ, ಬಣ್ಣದವರನ್ನು ಕೇಳಿ ಎಂದರು ನಿಮ್ಮ ಪ್ರತಿನಿಧಿ. ಗಂಜಿ ಉಳಿದರೆ ಬಣ್ಣ ಎಲ್ಲೆಂದರಲ್ಲಿ ತೇಪೆ ತೇಪೆಯಾಗಿ ಹಿಡಿಯುತ್ತದೆ. ಇಲ್ಲಿ ಗೆರೆ ಸರಿಯಾಗಿ 6 ಇಂಚಿಗೊಮ್ಮೆ ಮರುಕಳಿಸುತ್ತದೆ. ಬೀಮಿಗೆ ಎಳೆ ಕೊಡುವ ಚೌಕಟ್ಟಾದ ವಾರ್ಪಿಂಗ್ ಕ್ರೀಲಿನಲ್ಲಿ 384 ಕೋನ್ (ನೂಲಿನ ಉಂಡೆ), ಇಂಚಿಗೆ 64 ಎಳೆ. ಹಾಗಾಗಿ ಒಂದು ಸಲಕ್ಕೆ ಸುತ್ತುವ ಪಟ್ಟಿ 6 ಇಂಚು. 48 ಇಂಚಿನ ಪನ್ನಕ್ಕೆ (ಬಟ್ಟೆಯ ಅಗಲಕ್ಕೆ) ಎಂಟು ಪಟ್ಟಿ, ಎಂಟರಲ್ಲೂ ಗೆರೆ ಅದದೇ ಜಾಗದಲ್ಲಿ. ಬಣ್ಣದ ತೊಟ್ಟಿಗೆ ನಮ್ಮ ಕ್ರೀಲಿನ ಲೆಕ್ಕ ಗೊತ್ತಿರುವುದಿಲ್ಲ.

ಕೋನ್‌ಗಳನ್ನು ಇಳಿಸಿ ನೋಡಿದರೆ 11ರ ಒಳಚೀಟಿಯಲ್ಲಿ ಬೇರೆ ಲಾಟ್ (ಒಟ್ಟಿಗೆ ತಯಾರಾದ ನೂಲಿನ ಗುಂಪು) ನಂಬರ್. ಹನ್ನೊಂದೂ ಒಂದೇ ಚೀಲದವು. ಆ ಚೀಲದ ಹೊರಚೀಟಿಯಲ್ಲಿ ಮಾತ್ರ ಉಳಿದ 14 ಚೀಲಗಳ ನಂಬರೇ ಇದೆ. 7 ಕೋನ್ ಒತ್ತಾಗಿ ಕೂತಲ್ಲಿ ಸುಮಾರು 3 ಮಿ.ಮೀ. ಗೆರೆ, 4 ಕೂತಲ್ಲಿ ಅದರ ಅರ್ಧದಷ್ಟು.

ಕೌಂಟಿನ ವ್ಯತ್ಯಾಸವಲ್ಲ: ಎರಡೂ ಲಾಟಿನ 120 ಗಜದ ತೂಕ 2.16 ಗ್ರಾಂ ಆಸುಪಾಸು. ಪಾಲಿಯೆಸ್ಟರ್ ಬೆರಕೆಯೂ ಅಲ್ಲ: ಸುಟ್ಟರೆ ಎರಡೂ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತವೆ, ಗಟ್ಟಿ ಮಣಿ ಕಟ್ಟುವುದಿಲ್ಲ. ಎರಡನ್ನೂ ಒಂದರ ಹಿಂದೊಂದು ಕಾಲುಚೀಲದಂತೆ ಹೆಣೆಸಿ ಒಂದೇ ತೊಟ್ಟಿಯಲ್ಲಿ ಬಣ್ಣ ಹಾಕಿಸಿದೆವು. ಬೇರೆ ಲಾಟಿನ ಭಾಗ ಕಡುವಾಗಿ ನಿಂತಿತು. ಎಳೆ ತೆಗೆಯುವ ವಿಸ್ಕೋಸ್ ದ್ರಾವಣ ಎಷ್ಟು ಮಾಗಿತ್ತು, ಆಮ್ಲದ ತೊಟ್ಟಿಯಲ್ಲಿ ಸತುವಿನ ಸಲ್ಫೇಟ್ ಎಷ್ಟಿತ್ತು, ಎಳೆಯನ್ನು ಎಷ್ಟು ಹಿಗ್ಗಿಸಿದರು ಎಂಬುದರ ಮೇಲೆ ಎಳೆಯ ಹೊರಸಿಪ್ಪೆ ಬದಲಾಗುತ್ತದೆ, ಸಿಪ್ಪೆ ಬದಲಾದರೆ ಬಣ್ಣ ಹೀರುವ ಗುಣವೂ ಬದಲಾಗುತ್ತದೆ. ಲಾಟ್ ನಂಬರ್ ಹಾಕುವುದೇ ಇದಕ್ಕಾಗಿ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ತೂಕದ ಮಾತೂ ಇದೆ. ಚೀಲ ಬಿಚ್ಚಿದೊಡನೆ ತೂಗಿದ 100 ಗ್ರಾಂ ನೂಲು 105 ಡಿಗ್ರಿಯಲ್ಲಿ ಪೂರ್ತಿ ಒಣಗಿದಾಗ 86 ಗ್ರಾಂ ಉಳಿಯಿತು. ಒಣತೂಕದ ಮೇಲೆ ತೇವ ಶೇ. 16.3. ವಿಸ್ಕೋಸಿಗೆ ಉದಾರವಾಗಿ ಶೇ. 13 ಒಪ್ಪಿದರೂ 750 ಕೆ.ಜಿ.ಯಲ್ಲಿ ಸುಮಾರು 21 ಕೆ.ಜಿ. ನೀರಿಗೆ ನೂಲಿನ ದರ ಕೊಟ್ಟಂತಾಯಿತು.

ಎರಡನೇ ಬೀಮು ಈಗಾಗಲೇ ಮಗ್ಗದಲ್ಲಿದೆ. ಅದನ್ನು ಕಪ್ಪಿಗೆ ಹಾಕಿ ಗೆರೆ ಮುಚ್ಚಿಕೊಳ್ಳುತ್ತೇವೆ, ಅದರ ನಷ್ಟ ಕೇಳುವುದಿಲ್ಲ. ಉಳಿದ ಸುಮಾರು 625 ಕೆ.ಜಿ. ನೂಲನ್ನು ನಿಮ್ಮ ಸಾಗಣೆ ಖರ್ಚಿನಲ್ಲೇ ವಾಪಸ್ ಪಡೆದು, ಒಂದೇ ಲಾಟಿನ ನೂಲು ಕೊಡಿ. 940 ಮೀಟರ್ ಬಟ್ಟೆ ಸೆಕೆಂಡ್ಸ್ (ದೋಷವಿರುವ ಮಾಲಿನ) ದರಕ್ಕೆ ಹೋದ ವ್ಯತ್ಯಾಸಕ್ಕೂ 21 ಕೆ.ಜಿ. ತೂಕಕ್ಕೂ 15 ದಿನದೊಳಗೆ ಕ್ರೆಡಿಟ್ ನೋಟ್ ಕಳಿಸಿ. ಪರೀಕ್ಷೆಗೆ ನಿಮ್ಮವರು ಬರುವುದಾದರೆ ಆ 11 ಕೋನ್‌ಗಳನ್ನು ಚೀಟಿಸಮೇತ ಬೇರೆಯಾಗಿ ಇಟ್ಟಿದ್ದೇವೆ.

ಲಗತ್ತು: ಬಣ್ಣ ಹಾಕಿದ ಬಟ್ಟೆಯ 1 ಮೀಟರ್ ತುಂಡು, ಹೆಣೆದ ಮಾದರಿ, ಎರಡೂ ಚೀಟಿಗಳ ನಕಲು.

ಇಂತಿ,
ಉತ್ಪಾದನಾ ಮೇಲ್ವಿಚಾರಕರು